ಹುಲಿಯ ಹೊಳೆ ದಾಟಿದ ಕತೆ

ಪ್ರಿಯ ಶ್ಯಾನುಭೋಗ,

ಫೋನಿನಲ್ಲಿ ಕೇಳಿದರೆ ಮಾತು ಮರೆಸುತ್ತೀಯೆಂದೇ ಇದನ್ನು ನಾಲ್ಕು ಜನ ಓದುವಂತೆ ಬರೆಯುತ್ತಿದ್ದೇನೆ. ಕೊಡೆಯ ವಿಷಯ ಎತ್ತುವುದಿಲ್ಲ, ಹೆದರಬೇಡ.

ಡಿಸೆಂಬರ್ 29, ಕುವೆಂಪು ಹುಟ್ಟಿದ ದಿನ. ಇಲ್ಲಿ ಮೈಸೂರಿನಲ್ಲಿ ಅವರ ಅಭಿಮಾನಿಗಳು ಹದಿನೈದಿಪ್ಪತ್ತು ಮಂದಿ ಒಂದು ಶಾಲೆಯ ಕೊಠಡಿಯಲ್ಲಿ ಸೇರುತ್ತಾರೆ. ಹಾರವಿಲ್ಲ, ಶಾಲಿಲ್ಲ, ಅಧ್ಯಕ್ಷರ ಭಾಷಣವಿಲ್ಲ, ಆದ್ದರಿಂದ ಹೋದೆ. ಮಕ್ಕಳ ಬೆಂಚಿನಲ್ಲಿ ಮೊಣಕಾಲನ್ನು ಗದ್ದಕ್ಕೆ ತಾಗಿಸಿಕೊಂಡು ಕುಳಿತಿದ್ದ ನನ್ನನ್ನು ನೀನು ನೋಡಬೇಕಿತ್ತು.

ಈ ಸಲದ ಪುಸ್ತಕ ‘ಮಲೆಗಳಲ್ಲಿ ಮದುಮಗಳು’. ‘ಕಾನೂರು ಹೆಗ್ಗಡಿತಿ’ 1936ರದು, ಇದು 1967ರದು; ನಡುವಿನ ಮೂವತ್ತೊಂದು ವರ್ಷ ಆ ಕಾಡು ಅವರೊಳಗೆ ಏನು ಮಾಡುತ್ತಿತ್ತು ಎಂದು ಒಬ್ಬರು ಕೇಳಿದ್ದೇ ತಡ, ಅರ್ಧ ಗಂಟೆ ಜಗಳ. ನಡುವೆ ‘ಶ್ರೀ ರಾಮಾಯಣ ದರ್ಶನಂ’ ಬರೆಯದೇ ಹೋಗಿದ್ದರೆ ಗುತ್ತಿಯಂಥ ಜೀತದಾಳಿಗೆ ಮಹಾಕಾವ್ಯದ ಮರ್ಯಾದೆ ಸಿಗುತ್ತಿರಲಿಲ್ಲ ಎಂದು ಇನ್ನೊಬ್ಬರು ಬೆಂಚು ಗುದ್ದಿದರು. ನಾನು ಎರಡೂ ಕಡೆಗೆ ತಲೆಯಾಡಿಸಿದೆ.

ನಿವೃತ್ತ ಮೇಡಂ ಒಬ್ಬರು ಕಾದಂಬರಿಯ ಊರುಗಳ ನಕ್ಷೆ ಬರೆದು ತಂದಿದ್ದರು. ನಾಲ್ಕು ಕ್ಯಾಲೆಂಡರ್ ಹಾಳೆಗಳನ್ನು ಅಂಟಿಸಿ, ಅವುಗಳ ಬೆನ್ನಿಗೆ ಸಿಂಬಾವಿ, ಹಳೆಮನೆ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಮೇಗರವಳ್ಳಿ. ಕಾಲುದಾರಿಗೆ ಪೆನ್ಸಿಲ್ಲಿನ ಚುಕ್ಕಿ, ತುಂಗೆಗೆ ನೀಲಿ ಶಾಯಿ. ಆ ನೀಲಿಯ ನಡುವೆ ಒಂದು ಪುಟ್ಟ ಗುಣಾಕಾರದ ಗುರುತು. ದೋಣಿಗಂಡಿ ಇರಬೇಕು ಎಂದುಕೊಂಡೆ.

ನನ್ನ ಸರದಿ ಬಂತು. ನಾಯಿಗುತ್ತಿ, ಅವನ ನಾಯಿ ಹುಲಿಯ. ಆ ವಿಷಯದಲ್ಲಿ ನನ್ನ ನಾಲಗೆಗೆ ಲಗಾಮಿಲ್ಲ, ನಿನಗೆ ಗೊತ್ತು. ನೆರೆ ಬಂದ ತುಂಗೆಯನ್ನು ಹುಲಿಯ ಈಜಿ ದಾಟಿ, ಆಚೆ ದಡದಲ್ಲಿ ಮೈ ಕೊಡವಿ ಗುತ್ತಿಯನ್ನು ತೋಯಿಸಿದ್ದನ್ನು ಹೇಳುವಾಗ ನಾನೇ ಮೈ ಕೊಡವಿ ತೋರಿಸಿದೆ. ಯಾರೂ ನಗಲಿಲ್ಲ. ಮೇಡಂ ಆ ಗುಣಾಕಾರದ ಗುರುತಿನ ಮೇಲೆ ಪೆನ್ಸಿಲ್ ತುದಿಯಿಟ್ಟು, ಹಿಂದಿನ ಸಾಲಿನ ದಡ್ಡನಿಗೆ ಹೇಳುವಷ್ಟು ಮೆತ್ತಗೆ, “ಹುಲಿಯ ದಾಟಲಿಲ್ಲ ಸರ್. ಕೊಚ್ಚಿಕೊಂಡು ಹೋಯಿತು” ಎಂದರು.

ಮಾರಾಯ, ನಾನು ಆ ಕಾದಂಬರಿಯ ನೂರನೆಯ ಪುಟ ದಾಟಿದವನಲ್ಲ. ಹೇಳಿಬಿಟ್ಟೆ. ಹಾಸ್ಟೆಲಿನಲ್ಲಿ ದೀಪ ಆರಿದ ಮೇಲೆ ನೀನು ಹೇಳುತ್ತಿದ್ದ ಕತೆಯೇ ನನ್ನ ಪಾಂಡಿತ್ಯ. 2010ರಲ್ಲಿ ರಂಗಾಯಣದವರು ಅದನ್ನು ಇಡೀ ರಾತ್ರಿಯ ನಾಟಕ ಮಾಡಿದಾಗ ಹೋಗಿದ್ದೆ. ಒಂಬತ್ತು ಗಂಟೆಯ ಆಟ. ಒಂದು ರಂಗ ಮುಗಿದರೆ ಎದ್ದು ಇನ್ನೊಂದಕ್ಕೆ ನಡೆಯಬೇಕು. ಮೂರನೆಯದರಿಂದ ನಾನು ಏಳಲೇ ಇಲ್ಲ. ಬೆಳಗಿನ ಚಪ್ಪಾಳೆಗೆ ಎಚ್ಚರವಾಗಿ, ನಾನೂ ತಟ್ಟಿದೆ.

ಮನೆಗೆ ಬಂದು ನಿನ್ನ ಪ್ರತಿಯನ್ನು ತೆಗೆದೆ. (ಹೌದು, ಅದು ನನ್ನಲ್ಲೇ ಇದೆ.) ಕೊನೆಯ ಭಾಗ ಓದಿದೆ. ಮೇಡಂ ಹೇಳಿದ್ದೇ ಸರಿ.

ಆಗ ನೆನಪಾಯಿತು. ನೀನು ಆ ಭಾಗ ಹೇಳಿದ್ದು ನಾನು ಅಪ್ಪನ ಕಾರ್ಯ ಮುಗಿಸಿ ಊರಿನಿಂದ ಮರಳಿದ ವಾರ. ಊರಿನಲ್ಲಿ ಯಾರನ್ನೂ ಏನನ್ನೂ ಕೇಳದವನು ಆ ರಾತ್ರಿ ‘ನಾಯಿ ಏನಾಯಿತು?’ ಎಂದು ಮೂರು ಸಲ ಕೇಳಿದ್ದೆ. ನೀನು ಎದ್ದು ಹೂಜಿಯಿಂದ ನೀರು ಬಗ್ಗಿಸಿಕೊಂಡು ಕುಡಿದೆ, ಲೋಟ ಮಗುಚಿಟ್ಟೆ, ಆಮೇಲೆ ‘ದಾಟಿತು’ ಎಂದೆ. ಕುತೂಹಲ ಕೆರಳಿಸಲು ತಡೆದಿದ್ದಾನೆ ಎಂದುಕೊಂಡು ನಿದ್ದೆ ಹೋದೆ. ಎಷ್ಟೋ ದಿನಗಳ ಮೇಲೆ ಬಂದ ನಿದ್ದೆ.

ನಿನ್ನ ಅಮ್ಮ ತೀರಿಕೊಂಡಾಗ ನಾನು ಕಳಿಸಿದ್ದು ಎರಡು ಸಾಲು. ಅದೂ ಬೇರೊಬ್ಬರಿಗೆ ಬರೆದದ್ದನ್ನೇ ಹೆಸರು ಬದಲಿಸಿ. ಒಂದು ಲೋಟ ನೀರು ಕುಡಿಯುವಷ್ಟು ಹೊತ್ತೂ ನಾನು ತಡೆಯಲಿಲ್ಲ. ಇದನ್ನು ಬರೆಯಬೇಕೆಂದು ಕುಳಿತಿರಲಿಲ್ಲ.

ಇರಲಿ. ತುಂಬಿದ ಸಭೆಯಲ್ಲಿ ನನ್ನ ಮಾನ ಕಳೆದ ಅಪರಾಧ ನಿನ್ನದೇ. ಆದರೂ ಮುಂದಿನ ಸಲಕ್ಕೆ ಕರೆದಿದ್ದಾರೆ. “ನಿಮ್ಮ ಪ್ರತಿಯನ್ನೂ ತನ್ನಿ, ಪಾಠಾಂತರವಿದ್ದರೂ ಇರಬಹುದು” ಎಂದರು ಮೇಡಂ, ನಗದೆ. ಪ್ರತಿ ನಿನ್ನದಾದ್ದರಿಂದ ನೀನೂ ಬರಬೇಕು. ಬರುವಾಗ ಕೊಡೆ ತಾ.

ಇಂತಿ ನಿನ್ನ,
ಮೂರನೆಯ ಬೆಂಚಿನ ಪಂಡಿತ