ಕುಡಿತ ಬಿಡಿಸುವ ಮೊದಲು ತಿಳಿದಿರಬೇಕಾದದ್ದು

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಜೂನ್ 26ರಂದು, ಮಾದಕ ವಸ್ತು ವಿರೋಧಿ ದಿನದ ಅಂಗವಾಗಿ, ನಮ್ಮ ತಾಲ್ಲೂಕಿನ ಶಾಲಾ ಮಕ್ಕಳು ಫಲಕ ಹಿಡಿದು ಜಾಥಾ ಹೊರಡುತ್ತಾರೆ. ಮೂವತ್ತು ವರ್ಷ ಶಿಕ್ಷಕನಾಗಿದ್ದ ನಾನು ಅಂಥ ಎಷ್ಟೋ ಜಾಥಾಗಳ ಮುಂದೆ ನಡೆದು, ಕುಡಿತ ಬಿಡಿರೆಂದು ಮಕ್ಕಳಿಂದ ಕೂಗಿಸಿದ್ದೇನೆ. ಬಿಡಬೇಕೆಂಬುದು ಕುಡಿಯುವವನಿಗೂ ಗೊತ್ತು, ಅವನ ಹೆಂಡತಿಗಂತೂ ನಮಗಿಂತ ಚೆನ್ನಾಗಿ ಗೊತ್ತು. ಬಿಡುವುದು ಹೇಗೆ, ಬಿಡುವಾಗ ದೇಹಕ್ಕೆ ಏನಾಗುತ್ತದೆ, ಆಗ ಯಾರ ಬಳಿಗೆ ಹೋಗಬೇಕು ಎಂಬುದನ್ನು ಮಾತ್ರ ನಾವು ಯಾರಿಗೂ ಹೇಳಲಿಲ್ಲ.

ನನ್ನ ಹಳೆಯ ವಿದ್ಯಾರ್ಥಿಯೊಬ್ಬ, ಬೆಳಿಗ್ಗೆ ಎದ್ದೊಡನೆ ಒಂದು ಪ್ಯಾಕೆಟ್ ಒಳಗೆ ಹೋಗದಿದ್ದರೆ ಕೈನಡುಕ ನಿಲ್ಲದ ಸ್ಥಿತಿಗೆ ಬಂದಿದ್ದವನು, ಕಳೆದ ವರ್ಷ ತಾಯಿಯ ಮಾತಿಗೆ ಕಟ್ಟುಬಿದ್ದು ಊರ ದೇವಿಯ ಮುಂದೆ ಆಣೆ ಮಾಡಿ ಒಂದೇ ದಿನಕ್ಕೆ ಕುಡಿತ ನಿಲ್ಲಿಸಿದ. ಮರುದಿನ ಮೈ ಬೆವರಿ ನಡುಗತೊಡಗಿತು. ರಾತ್ರಿ ಫಿಟ್ಸ್ ಬಂತು. ಮೂರನೆಯ ದಿನ ಗೋಡೆಯ ತುಂಬ ಹುಳು ಹರಿಯುತ್ತಿವೆ ಎಂದು ಕೂಗುತ್ತ, ಹೆತ್ತ ತಾಯಿಯನ್ನೇ ಗುರುತಿಸದಾದ. ದೇವಿ ಮುನಿದಿದ್ದಾಳೆ ಎಂದರು ಕೆಲವರು, ಗಾಳಿ ಸೋಂಕಿದೆ ಎಂದರು ಇನ್ನು ಕೆಲವರು. ತಾಯಿತ ಕಟ್ಟಿಸುವುದರಲ್ಲಿ ಇಡೀ ಒಂದು ದಿನ ಕಳೆಯಿತು. ಕೊನೆಗೆ ಜಿಲ್ಲಾ ಆಸ್ಪತ್ರೆಗೆ ಮುಟ್ಟಿಸಿದ್ದರಿಂದ ಬದುಕಿಕೊಂಡ. ಅವನ ಪಕ್ಕದಲ್ಲೇ ಕುಳಿತಿದ್ದ ನನಗೂ ಇದು ಏನೆಂದು ತಿಳಿಯಲಿಲ್ಲವಲ್ಲ ಎಂಬ ಸಂಕಟ ಇಂದಿಗೂ ಹೋಗಿಲ್ಲ.

ಅದು ದೇವಿಯ ಮುನಿಸೂ ಅಲ್ಲ, ಗಾಳಿಯೂ ಅಲ್ಲ. ಮದ್ಯವು ವರ್ಷಗಟ್ಟಲೆ ಮಿದುಳಿನ ವೇಗವನ್ನು ತಗ್ಗಿಸುತ್ತಿದ್ದಾಗ, ಅದನ್ನು ಸರಿದೂಗಿಸಲು ಮಿದುಳು ತನ್ನ ಉದ್ರೇಕವನ್ನು ಹೆಚ್ಚಿಸಿಕೊಂಡಿರುತ್ತದೆ. ಮದ್ಯ ಏಕಾಏಕಿ ನಿಂತರೆ ಆ ಉದ್ರೇಕಕ್ಕೆ ತಡೆಯೇ ಇಲ್ಲದಂತಾಗುತ್ತದೆ. ಸಾಮಾನ್ಯವಾಗಿ ಮೊದಲ ಎರಡು ದಿನಗಳಲ್ಲಿ ಫಿಟ್ಸ್, ಎರಡರಿಂದ ನಾಲ್ಕನೆಯ ದಿನದೊಳಗೆ ಸನ್ನಿ, ಅಂದರೆ ಇಲ್ಲದ್ದು ಕಾಣುವ, ಗುರುತು ತಪ್ಪುವ ಸ್ಥಿತಿ, ಕಾಣಿಸಿಕೊಳ್ಳುತ್ತದೆ. ಚಿಕಿತ್ಸೆ ಸಿಗದಿದ್ದರೆ ಜೀವವೇ ಹೋಗಬಹುದು. ಕುಡಿಯುವ ಎಲ್ಲರಿಗೂ ಹೀಗಾಗುವುದಿಲ್ಲ. ಆದರೆ ಬೆಳಗಿನ ನಡುಕ ಇರುವವರು, ಹಿಂದೆ ಒಮ್ಮೆ ಫಿಟ್ಸ್ ಬಂದವರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಥಟ್ಟನೆ ನಿಲ್ಲಿಸಲೇಬಾರದು. ವೈದ್ಯರು ಕೆಲವು ದಿನ ಮಾತ್ರೆ ಕೊಟ್ಟು, ಅದನ್ನು ಹಂತಹಂತವಾಗಿ ಇಳಿಸಿ, ಜೊತೆಗೆ ಥಯಾಮಿನ್ ಎಂಬ ಬಿ1 ಜೀವಸತ್ವ ನೀಡಿ ಈ ಗಂಡಾಂತರವನ್ನು ದಾಟಿಸಬಲ್ಲರು. 2020ರ ಲಾಕ್‌ಡೌನ್‌ನಲ್ಲಿ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ನಮ್ಮ ರಾಜ್ಯದಲ್ಲೂ ಕೇರಳದಲ್ಲೂ ವ್ಯಸನಿಗಳ ಸಾವು, ಆತ್ಮಹತ್ಯೆಗಳು ಸುದ್ದಿಯಾದವು. ಆ ಪಾಠವನ್ನು ನಾವು ಬಹುಬೇಗ ಮರೆತೆವು.

ಇನ್ನೊಂದು ಅಪಾಯ ಗೋಡೆ ಬರಹಗಳಲ್ಲಿ, ಬಸ್ಸಿನಲ್ಲಿ ಅಂಟಿಸಿದ ಚೀಟಿಗಳಲ್ಲಿ ಇದೆ: ಕುಡಿಯುವವರಿಗೆ ತಿಳಿಯದಂತೆ ಸಾರಿನಲ್ಲಿ ಬೆರೆಸುವ ಪುಡಿ. ಅದರಲ್ಲಿ ಏನಿದೆಯೆಂದು ಮಾರುವವನು ಹೇಳುವುದಿಲ್ಲ. ಕುಡಿತ ಬಿಡಿಸಲು ಮನೋವೈದ್ಯರು ಕೊಡುವ ಡೈಸಲ್ಫಿರಾಮ್ ಮಾತ್ರೆಯ ಉದಾಹರಣೆಯನ್ನೇ ನೋಡಿದರೂ, ಅದನ್ನು ಸೇವಿಸಿದವನು ಕುಡಿದರೆ ಎದೆ ಬಡಿತ ಏರಿ, ರಕ್ತದೊತ್ತಡ ಕುಸಿದು ಪ್ರಾಣಕ್ಕೆ ಕುತ್ತಾಗಬಹುದು. ಆದ್ದರಿಂದಲೇ ರೋಗಿಗೆ ತಿಳಿಸಿ, ಒಪ್ಪಿಸಿಯೇ ಅದನ್ನು ಕೊಡಬೇಕು. ಗಂಡನನ್ನು ಉಳಿಸಿಕೊಳ್ಳಬೇಕೆಂಬ ಹಂಬಲದಿಂದ ಕದ್ದು ಪುಡಿ ಬೆರೆಸುವ ಹೆಣ್ಣುಮಗಳನ್ನು ನಾನು ದೂರುವುದಿಲ್ಲ. ಅವಳಿಗೆ ಬೇರೆ ದಾರಿಯನ್ನು ಯಾರೂ ತೋರಿಸಿಲ್ಲ.

ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಮದ್ಯವ್ಯಸನಕ್ಕೆ ಒಳಗಾದ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೊಂದು ಬಗೆಯ ಚಿಕಿತ್ಸೆ ದೊರೆತಿದೆ. ಪಂಕ್ಚರ್ ಸೊಲ್ಯೂಷನ್, ವೈಟ್ನರ್‌ನಂಥವುಗಳ ಆವಿ ಎಳೆದುಕೊಳ್ಳುವ ಚಟ ದೊಡ್ಡವರಿಗಿಂತ ಮಕ್ಕಳಲ್ಲೇ ಹೆಚ್ಚು ಎಂದೂ ಅದು ಹೇಳುತ್ತದೆ. ಶಿಕ್ಷಕರು ಇದನ್ನು ವಿಶೇಷವಾಗಿ ಗಮನಿಸಬೇಕು.

ದಾರಿ ಇಲ್ಲವೆಂದಲ್ಲ. ರಾಜ್ಯ ಸರ್ಕಾರದ ಮಾನಸಿಕ ಆರೋಗ್ಯ ಯೋಜನೆಯಾದ ಮನೋಚೈತನ್ಯ ಕಾರ್ಯಕ್ರಮದಡಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಬರುತ್ತಾರೆ. ವ್ಯಸನಮುಕ್ತಿ ಸಹಾಯವಾಣಿ 14446, ಮಾನಸಿಕ ಆರೋಗ್ಯಕ್ಕಾಗಿ ಇರುವ ಟೆಲಿ ಮನಸ್ ಸಹಾಯವಾಣಿ 14416, ಎರಡೂ ಉಚಿತ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯು ಮದ್ಯ ಮತ್ತು ಮಾದಕ ವಸ್ತುಗಳ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ತೊಂದರೆಗಳನ್ನು ಕಾಯಿಲೆಯೆಂದೇ ಪರಿಗಣಿಸುತ್ತದೆ, ಸರಪಳಿಯಲ್ಲಿ ಕಟ್ಟಿಹಾಕುವುದನ್ನು ನಿಷೇಧಿಸುತ್ತದೆ. ಈ ಸಂಗತಿಗಳನ್ನು ಗ್ರಾಮಸಭೆಗಳಲ್ಲಿ, ಸ್ವಸಹಾಯ ಸಂಘಗಳ ವಾರದ ಸಭೆಗಳಲ್ಲಿ ಆಶಾ ಕಾರ್ಯಕರ್ತೆಯರ ಮೂಲಕ ಹೇಳಿಸಬೇಕು. ಆಣೆ ಮಾಡಿಸುವ ದೇವಸ್ಥಾನಗಳ ಅರ್ಚಕರಿಗೂ ತಿಳಿಸಬೇಕು, ಏಕೆಂದರೆ ನಮ್ಮ ಜನ ಮೊದಲು ಹೋಗುವುದು ಅಲ್ಲಿಗೇ.

ನನ್ನ ಆ ವಿದ್ಯಾರ್ಥಿ ನಡುವೆ ಒಮ್ಮೆ ಮತ್ತೆ ಕುಡಿದ. ತಾಯಿ ಈ ಸಲ ಆಣೆ ಮಾಡಿಸಲಿಲ್ಲ, ಮಂಗಳವಾರ ಬರುವುದನ್ನು ಕಾಯ್ದು ಜೊತೆಯಲ್ಲಿ ಆಸ್ಪತ್ರೆಗೆ ಹೋದರು. ಮುಂದಿನ ಜೂನ್ 26ರಂದು ತಾವು ಜಾಥಾದ ಚಿತ್ರದ ಪಕ್ಕದಲ್ಲಿ ಈ ಎರಡು ಸಹಾಯವಾಣಿಗಳ ಸಂಖ್ಯೆಯನ್ನೂ ದಪ್ಪಕ್ಷರಗಳಲ್ಲಿ ಮುದ್ರಿಸಬೇಕೆಂದು ವಿನಂತಿಸುತ್ತೇನೆ.

– ನಿವೃತ್ತ ಪ್ರೌಢಶಾಲಾ ಶಿಕ್ಷಕ, ಹಾವೇರಿ ಜಿಲ್ಲೆ