ಅಪ್ಪನ ಎಕೋ ಪರೀಕ್ಷೆಯ ವಿಷಯವಾಗಿ

ಲುಂಡ್, ಸ್ವೀಡನ್
ಡಿಸೆಂಬರ್ 8

ತೀರ್ಥರೂಪ ಅಪ್ಪನಿಗೂ ಅಮ್ಮನಿಗೂ ನಿಮ್ಮ ಮಗಳ ನಮಸ್ಕಾರಗಳು.

ನಾನಿಲ್ಲಿ ಕ್ಷೇಮ. ಅಮ್ಮನ ಪತ್ರ ನಿನ್ನೆ ತಲುಪಿತು. ಮೆಟ್ಟಿಲು ಹತ್ತುವಾಗ ಅಪ್ಪನಿಗೆ ಏದುಸಿರು ಬರುತ್ತಿದೆಯೆಂದೂ, ಶಿವಮೊಗ್ಗದ ಡಾಕ್ಟರು ಹೃದಯದ ಎಕೋ ಪರೀಕ್ಷೆ ಮಾಡಿಸಲು ಬರೆದುಕೊಟ್ಟಿದ್ದರೂ ಆ ಕಿರಣಗಳು ಎದೆಯೊಳಗೆ ಹೊಕ್ಕರೆ ಇರುವ ಶಕ್ತಿಯೂ ಹೋದೀತೆಂದು ಅಪ್ಪ ಒಪ್ಪುತ್ತಿಲ್ಲವೆಂದೂ ಓದಿದ ಮೇಲೆ ಯಾವ ಕೆಲಸದಲ್ಲೂ ಮನಸ್ಸು ನಿಲ್ಲುತ್ತಿಲ್ಲ. ಈ ಪತ್ರವನ್ನು ಅಮ್ಮ ಅಪ್ಪನೆದುರು ಗಟ್ಟಿಯಾಗಿ ಓದಬೇಕು.

ಅಪ್ಪಾ, ಎಕೋದಲ್ಲಿ ಎಕ್ಸ್-ರೇಯಂಥ ಯಾವ ಕಿರಣವೂ ಇಲ್ಲ. ಅಲ್ಲಿರುವುದು ಶಬ್ದ ಮಾತ್ರ. ನಾನು ಪ್ರಯೋಗಾಲಯದಲ್ಲಿ ದಿನವೂ ಒಡನಾಡುವುದೂ ಅದೇ ಶಬ್ದದ ಅಲೆಗಳೊಂದಿಗೆ. ಮನುಷ್ಯರ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗಿನ ಶಬ್ದ ಕೇಳಿಸುತ್ತದೆ. ಎಕೋ ಯಂತ್ರದ್ದು ಕೆಲವು ದಶಲಕ್ಷ ಕಂಪನಗಳ ಶಬ್ದವಾದ್ದರಿಂದ ಕೇಳಿಸುವುದಿಲ್ಲ, ಅಷ್ಟೇ. ಎದೆಯ ಮೇಲಿಡುವ ಹಿಡಿಕೆಯ ತುದಿಯಲ್ಲಿ ಪೀಜೋಎಲೆಕ್ಟ್ರಿಕ್ ವಸ್ತುವಿನ ಸಣ್ಣ ತುಣುಕುಗಳಿರುತ್ತವೆ. ಇಂಥ ವಸ್ತುವನ್ನು ಒತ್ತಿದರೆ ವಿದ್ಯುತ್ ಹುಟ್ಟುತ್ತದೆ, ವಿದ್ಯುತ್ ಹಾಯಿಸಿದರೆ ಅದು ಕಂಪಿಸುತ್ತದೆ. ಒತ್ತಡದಿಂದ ವಿದ್ಯುತ್ ಹುಟ್ಟುವುದನ್ನು ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು 1880ರಲ್ಲಿ ಪ್ಯಾರಿಸ್ಸಿನಲ್ಲಿ ಸ್ಫಟಿಕಗಳಲ್ಲಿ ಕಂಡುಕೊಂಡರು. ಅಮ್ಮ ಒಲೆ ಹಚ್ಚುವ ಗ್ಯಾಸ್ ಲೈಟರಿನಲ್ಲಿ ಕಿಡಿ ಹಾರುವುದೂ ಇದರಿಂದಲೇ. ಎಕೋದಲ್ಲಿ ತುಣುಕು ಕಂಪಿಸಿ ಶಬ್ದವನ್ನು ಒಳಗೆ ಕಳಿಸುತ್ತದೆ. ಹೃದಯದ ಗೋಡೆಗಳಿಗೂ ಕವಾಟಗಳಿಗೂ ತಾಗಿ ಹಿಂದಿರುಗಿದ ಪ್ರತಿಧ್ವನಿ ಅದೇ ತುಣುಕನ್ನು ಒತ್ತಿದಾಗ ಹುಟ್ಟುವ ವಿದ್ಯುತ್ತು ಪರದೆಯ ಮೇಲೆ ಚಿತ್ರವಾಗುತ್ತದೆ. ತಣ್ಣನೆಯ ಜೆಲ್ ಹಚ್ಚುವುದು ನಡುವೆ ಗಾಳಿ ಉಳಿಯದಿರಲೆಂದು. ಉಳಿದರೆ ಶಬ್ದ ಚರ್ಮದಿಂದಲೇ ಹಿಂದಿರುಗುತ್ತದೆ. ಪುಟ್ಟಿ ಹೊಟ್ಟೆಯಲ್ಲಿದ್ದಾಗ ಅಕ್ಕನಿಗೆ ಮಾಡಿದ ಸ್ಕ್ಯಾನೂ ಇಂಥದ್ದೇ. ಎಳೆಗೂಸಿಗೆ ಆಗದ ಹಾನಿ ನಿಮಗೆ ಹೇಗಾದೀತು?

ಇನ್ನೊಂದು ಮಾತು. ಈ ಪರೀಕ್ಷೆ ಹುಟ್ಟಿದ್ದೇ ನಾನಿರುವ ಈ ಪುಟ್ಟ ಊರಿನಲ್ಲಿ. ಇಲ್ಲಿನ ಆಸ್ಪತ್ರೆಯ ಹೃದಯವೈದ್ಯ ಇಂಗೆ ಎಡ್ಲರ್ ಅವರಿಗೆ, ಕವಾಟ ಕೆಟ್ಟ ರೋಗಿಯ ಸ್ಥಿತಿಯನ್ನು ಶಸ್ತ್ರಚಿಕಿತ್ಸೆಗೆ ಮೊದಲೇ ಸರಿಯಾಗಿ ತಿಳಿಯುವುದು ಹೇಗೆಂಬ ಚಿಂತೆಯಿತ್ತು. ಇಲ್ಲಿನ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹೆಲ್ಮತ್ ಹರ್ಟ್ಸ್ ಅವರೊಡನೆ ಸೇರಿ, ಪಕ್ಕದ ಮಾಲ್ಮೋ ನಗರದ ಹಡಗುಕಟ್ಟೆಯಲ್ಲಿ ಲೋಹದೊಳಗಿನ ಬಿರುಕು ಹುಡುಕಲು ಬಳಸುತ್ತಿದ್ದ ಯಂತ್ರವನ್ನು ಎರವಲು ತಂದು ನೋಡಿದರು. 1953ರ ಅಕ್ಟೋಬರ್ 29ರಂದು ಮಿಡಿಯುವ ಹೃದಯದ ಪ್ರತಿಧ್ವನಿಯನ್ನು ದಾಖಲಿಸಿದರು. ಅದೇ ವಿಶ್ವವಿದ್ಯಾಲಯದಲ್ಲಿ ನಿಮ್ಮ ಮಗಳು ಕೆಲಸ ಮಾಡುತ್ತಿದ್ದಾಳೆ.

ನನ್ನ ಕೆಲಸವೂ ರಕ್ತದ್ದೇ. ರಕ್ತ ಹರಿಯುವ 0.375 ಮಿಲಿಮೀಟರ್ ಅಗಲದ ಸಿಲಿಕಾನ್ ಕಾಲುವೆಗೆ ಪೀಜೋ ತುಣುಕನ್ನು ಅಂಟಿಸಿ ಸೆಕೆಂಡಿಗೆ 20 ಲಕ್ಷ ಸಲ ಕಂಪಿಸಿದರೆ, ಅರ್ಧ ಅಲೆ ಕಾಲುವೆಯ ಅಗಲಕ್ಕೆ ಸರಿಹೊಂದಿ ನಿಲ್ಲುತ್ತದೆ. ಆಗ ಕೆಂಪು ರಕ್ತಕಣಗಳು ನಡುವೆ ಸಾಲುಗಟ್ಟುತ್ತವೆ, ಕೊಬ್ಬಿನ ಹನಿಗಳು ಅಂಚಿಗೆ ಸರಿಯುತ್ತವೆ. ಇದನ್ನು ಪ್ರತಿಸಲ ಸೂಕ್ಷ್ಮದರ್ಶಕದಲ್ಲಿ ಕಂಡಾಗಲೂ ನನಗೆ ರೋಮಾಂಚನವಾಗುತ್ತದೆ. ಅಷ್ಟು ಮೃದುವಾದ ರಕ್ತಕಣವನ್ನೇ ಒಡೆಯದೆ ನಡೆಸಬಲ್ಲ ಶಬ್ದಕ್ಕೆ ನೀವು ಹೆದರಬಾರದು.

ಇಲ್ಲಿ ಮೂರೂವರೆಗೆಲ್ಲ ಸೂರ್ಯ ಮುಳುಗುತ್ತಾನೆ. ಆದರೂ ಮನೆ, ಬಸ್ಸು, ಪ್ರಯೋಗಾಲಯ ಎಲ್ಲವೂ ಬೆಚ್ಚಗಿವೆ. ಇವರೂ ನಮ್ಮಂತೆ ಹೊಸ್ತಿಲಲ್ಲೇ ಚಪ್ಪಲಿ ಬಿಡುತ್ತಾರೆ. ಬೆಳಿಗ್ಗೆ ಪ್ರಾಧ್ಯಾಪಕರೂ ವಿದ್ಯಾರ್ಥಿಗಳೂ ಕೆಲಸ ನಿಲ್ಲಿಸಿ ಒಂದೇ ಮೇಜಿನಲ್ಲಿ ಕಾಫಿ ಕುಡಿಯುತ್ತಾರೆ. ನಾನು ಚೆನ್ನಾಗಿ ಉಣ್ಣುತ್ತಿದ್ದೇನೆ, ನಿದ್ದೆ ಮಾಡುತ್ತಿದ್ದೇನೆ, ಶೀತವೂ ಆಗಿಲ್ಲ, ನನ್ನ ಬಗ್ಗೆ ಎಳ್ಳಷ್ಟೂ ಯೋಚನೆ ಬೇಡ.

ಹಣ ಕಳಿಸಿದ್ದೇನೆ, ಖರ್ಚಿನ ಮಾತೆತ್ತಬೇಡಿ. ಚಿಕ್ಕಪ್ಪನ ಜೊತೆ ಈ ವಾರವೇ ಹೋಗಿ ಬನ್ನಿ. ಎಕೋಗೆ ಸೂಜಿಯಿಲ್ಲ, ನೋವಿಲ್ಲ. ರಿಪೋರ್ಟಿನ ಫೋಟೊವನ್ನು ಅಕ್ಕ ಅಂದೇ ಕಳಿಸಲಿ. ಅಂಚೆ ಎತ್ತುವ ಹೊತ್ತಾಯಿತು, ಉಳಿದದ್ದು ಭಾನುವಾರ ಫೋನಿನಲ್ಲಿ.

ಇತಿ ನಿಮ್ಮ ಪ್ರೀತಿಯ ಮಗಳು