ಮನೆಯವರ ಸಹಿ ಒಂದಿದ್ದರೆ ಸಾಲದು: ಡಿಸ್ಚಾರ್ಜ್ ತಡೆಹಿಡಿದ ಬಗ್ಗೆ ದೂರು

ಇಂದ:
ರೋಗಿಯ ನಾಮನಿರ್ದೇಶಿತ ಪ್ರತಿನಿಧಿ (ಅಕ್ಕ) ಹಾಗೂ ಆರೈಕೆದಾರರ ಬಳಗ,
ಅಂಕೋಲಾ ತಾಲೂಕು, ಉತ್ತರ ಕನ್ನಡ

ಇವರಿಗೆ:
ಮುಖ್ಯ ವೈದ್ಯಾಧಿಕಾರಿಗಳು,
ಖಾಸಗಿ ಮಾನಸಿಕ ಆರೋಗ್ಯ ಕೇಂದ್ರ, ಶಿರಸಿ ತಾಲೂಕು

ವಿಷಯ: ಸ್ವಇಚ್ಛೆಯಿಂದ ದಾಖಲಾದ ಮಹಿಳೆಯ ಡಿಸ್ಚಾರ್ಜ್ ತಡೆದದ್ದು, ಆಮೇಲೆ ಬೆಂಬಲಿತ ದಾಖಲಾತಿ (ರೋಗಿಯ ಬದಲು ಪ್ರತಿನಿಧಿಯ ಅರ್ಜಿಯ ಮೇಲೆ ಮಾಡುವ ದಾಖಲಾತಿ) ಎಂದು ಕಾಗದ ಬದಲಿಸಿದ್ದು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2017ರ 28ನೇ ಕಲಮಿನಡಿ ದೂರು.

ಮಾನ್ಯರೇ,

ಸೇವೆಯಲ್ಲಿ ಲೋಪವಾದರೆ ಮೊದಲು ಸಂಸ್ಥೆಯ ವೈದ್ಯಾಧಿಕಾರಿಗೇ ದೂರು ಕೊಡಬೇಕು ಎನ್ನುತ್ತದೆ 28ನೇ ಕಲಂ. ಅದರಂತೆ ಈ ಪತ್ರ ತಮಗೆ. ರೋಗಿಯ ಹೆಸರನ್ನೂ ಕಾಯಿಲೆಯನ್ನೂ ಇಲ್ಲಿ ಬರೆದಿಲ್ಲ, ಯಾಕೆಂದರೆ ಪತ್ರದ ಪ್ರತಿ ಮೂರು ಕಚೇರಿಗೆ ಹೋಗುತ್ತದೆ. ಒಳರೋಗಿ ಸಂಖ್ಯೆ ಬೇರೆ ಲಕೋಟೆಯಲ್ಲಿದೆ, ಅದನ್ನು ತಾವೇ ಒಡೆದು ನೋಡಬೇಕು.

ಈ ತಿಂಗಳ 3ರಂದು ಅವರು ತಾವೇ ನಡೆದು ಬಂದು, ತಾವೇ ಸಹಿ ಹಾಕಿ ದಾಖಲಾದರು. ಕಾಯ್ದೆಯ 86ನೇ ಕಲಮಿನ ಪ್ರಕಾರ ಅದು ಸ್ವತಂತ್ರ ದಾಖಲಾತಿ. 8ರ ಬೆಳಿಗ್ಗೆ ತಿಂಡಿಯಾದ ಮೇಲೆ ಮನೆಗೆ ಹೋಗುತ್ತೇನೆ ಎಂದು ಡ್ಯೂಟಿ ಸಿಸ್ಟರಿಗೆ ಹೇಳಿ, ನೋಟುಪುಸ್ತಕದ ಹಾಳೆ ಹರಿದು ಬರೆದೂ ಕೊಟ್ಟರು. ಅಂಥ ಅರ್ಜಿಯೇ ಬಂದಿಲ್ಲ ಎನ್ನುತ್ತದೆ ತಮ್ಮ ಆಫೀಸು. ಹಾಳೆ ಎಲ್ಲಿಗೆ ಹೋಯಿತೋ ನಮಗೆ ಬೇಡ, ಅದರ ಅಗತ್ಯವೂ ಇಲ್ಲ. ಅದೇ ದಿನದ ನರ್ಸಿಂಗ್ ಟಿಪ್ಪಣಿಯಲ್ಲಿ ‘ರೋಗಿ ಮನೆಗೆ ಹೋಗಬೇಕೆಂದು ಬೆಳಿಗ್ಗೆಯಿಂದ ಹಠ ಮಾಡುತ್ತಿದ್ದಾರೆ’ ಎಂದು ಬರೆದಿದೆ. 88ನೇ ಕಲಂ ಯಾವುದನ್ನು ಕೋರಿಕೆ ಎನ್ನುತ್ತದೆಯೋ ಅದನ್ನೇ ತಮ್ಮ ವಾರ್ಡಿನಲ್ಲಿ ಹಠ ಎಂದು ದಾಖಲಿಸಿದ್ದಾರೆ. ಕೋರಿಕೆ ಬಂದದ್ದಕ್ಕೆ ನಮ್ಮ ಸಾಕ್ಷಿ ತಮ್ಮ ಸಿಸ್ಟರ ಕೈಬರಹವೇ.

ಸ್ವತಂತ್ರ ರೋಗಿ ಹೋಗುತ್ತೇನೆ ಎಂದರೆ ಕೂಡಲೇ ಬಿಡಬೇಕು. ಇದಕ್ಕಿರುವ ಅಪವಾದ ಒಂದೇ. ಬೆಂಬಲಿತ ದಾಖಲಾತಿ ಬೇಕಾಗಬಹುದು ಎಂದು ಮಾನಸಿಕ ಆರೋಗ್ಯ ವೃತ್ತಿಪರರಿಗೆ ಅನಿಸಿದರೆ, ಪರೀಕ್ಷೆ ಮಾಡುವುದಕ್ಕಾಗಿ 24 ಗಂಟೆ ಹಿಡಿದಿಡಬಹುದು. ಪರೀಕ್ಷೆ ಬೇಗ ಮುಗಿದರೆ ಆ ಗಡುವೂ ಅಲ್ಲಿಗೇ ಮುಗಿಯಿತು. ಲೆಕ್ಕ ಹಾಕಿದರೆ 9ರ ಬೆಳಿಗ್ಗೆಯೊಳಗೆ ಒಂದೋ 89ನೇ ಕಲಮಿನ ದಾಖಲಾತಿ ಪೂರ್ಣವಾಗಬೇಕಿತ್ತು, ಇಲ್ಲವೇ ಗೇಟು ತೆರೆಯಬೇಕಿತ್ತು. ತಮ್ಮ ಕಡತದಲ್ಲಿ ಎರಡೂ ಆಗಿಲ್ಲ. ಬೆಂಬಲಿತ ದಾಖಲಾತಿಯ ಅರ್ಜಿಯ ಮೇಲ್ಭಾಗದಲ್ಲಿ ಟೈಪು ಮಾಡಿದ ದಿನಾಂಕ 8, ಕೆಳಗೆ ರೋಗಿಯ ಭಾವ ಪೆನ್ನಿನಲ್ಲಿ ಹಾಕಿದ ದಿನಾಂಕ 12. ಭಾವ ಶಿರಸಿಗೆ ಬಂದದ್ದು 12ರಂದೇ, ಅದನ್ನು ಅವರೂ ಒಪ್ಪುತ್ತಾರೆ. ಹಾಗಿದ್ದರೆ 9ರಿಂದ 12ರವರೆಗೆ ಆ ಮಹಿಳೆ ಯಾವ ಕಲಮಿನ ಕೆಳಗೆ ತಮ್ಮ ಬೀಗದೊಳಗಿದ್ದರು? ಬೆಂಬಲಿತ ದಾಖಲಾತಿಯ 30 ದಿನದ ಮಿತಿಯನ್ನು ಯಾವ ತಾರೀಕಿನಿಂದ ಎಣಿಸಬೇಕು? ಎರಡಕ್ಕೂ ಬರಹದಲ್ಲಿ ಉತ್ತರ ಬೇಕು.

17ರಂದು ಈ ಪ್ರಶ್ನೆ ಕೇಳಿದಾಗ ಕೌಂಟರಿನಲ್ಲಿ ಬಂದ ಉತ್ತರ, ‘ಮನೆಯವ್ರು ಸಹಿ ಮಾಡಿದ್ದಾರಲ್ಲ.’ ಇಡೀ ತೊಡಕು ಇರುವುದು ಈ ಮಾತಿನಲ್ಲಿ. 2017ರ ಕಾಯ್ದೆಯಲ್ಲಿ ‘ಮನೆಯವರು’ ಎಂಬ ಹುದ್ದೆ ಇಲ್ಲ, ಇರುವುದು ನಾಮನಿರ್ದೇಶಿತ ಪ್ರತಿನಿಧಿ. 14ನೇ ಕಲಮಿನ ಪ್ರಕಾರ ರೋಗಿ ಬಿಳಿ ಹಾಳೆಯಲ್ಲಿ ಬರೆದು ಸಹಿಯನ್ನೋ ಹೆಬ್ಬೆಟ್ಟನ್ನೋ ಒತ್ತಿದರೆ ಸಾಕು, ಛಾಪಾ ಕಾಗದ ಬೇಡ, ನೋಟರಿ ಬೇಡ. ಆ ಹಾಳೆ ತಮ್ಮ ಕಡತದ ನಾಲ್ಕನೇ ಪುಟದಲ್ಲಿ ದಾಖಲಾದ ದಿನದಿಂದ ಇದೆ, ಅದರಲ್ಲಿರುವುದು ಅಕ್ಕನ ಹೆಸರು. ಸಂಬಂಧಿಕರ ಸರದಿ ಬರುವುದು ರೋಗಿ ಯಾರನ್ನೂ ನೇಮಿಸದಿದ್ದಾಗ ಮಾತ್ರ. ನೇಮಕವನ್ನು ಬದಲಿಸಲು ರೋಗಿಗೆ ಅಧಿಕಾರವಿದೆ, ಇಂಥ ದಾಖಲಾತಿಗಳನ್ನು ಕಾಯ್ದೆಯಡಿ ಪರಿಶೀಲಿಸುವ ಪುನರ್ವಿಮರ್ಶಾ ಮಂಡಳಿಗೆ ಇದೆ. ಆಸ್ಪತ್ರೆಗೂ ಇಲ್ಲ, ಭಾವನಿಗೂ ಇಲ್ಲ. ಅಕ್ಕನ ಫೋನ್ ನಂಬರ್ ಅದೇ ಹಾಳೆಯಲ್ಲಿದ್ದರೂ 8ರಿಂದ 12ರವರೆಗೆ ಒಂದು ಕರೆಯೂ ಹೋಗಿಲ್ಲ.

ಸರಿಯಾದ ಪ್ರತಿನಿಧಿಯೇ ಸಹಿ ಮಾಡಿದ್ದರೂ ಅದು ಅರ್ಜಿ ಮಾತ್ರ, ಆಮೇಲಿನ ಕೆಲಸ ವೈದ್ಯರದ್ದು. ದಾಖಲಾತಿಯ ದಿನ ಅಥವಾ ಅದರ ಹಿಂದಿನ 7 ದಿನಗಳಲ್ಲಿ ಇಬ್ಬರು ಬೇರೆ ಬೇರೆಯಾಗಿ ರೋಗಿಯನ್ನು ಪರೀಕ್ಷಿಸಬೇಕು. ಒಬ್ಬರು ಮನೋವೈದ್ಯರೇ ಆಗಬೇಕು. ಇನ್ನೊಬ್ಬರು ಚಿಕಿತ್ಸಾ ಮನಶ್ಶಾಸ್ತ್ರಜ್ಞರೋ ಮನೋವೈದ್ಯಕೀಯ ನರ್ಸೋ ಸಾಮಾನ್ಯ ವೈದ್ಯರೋ ಆಗಬಹುದು. ಮನೋವೈದ್ಯರು ವಿರಳವಾಗಿರುವ ನಮ್ಮಂಥ ಊರುಗಳಿಗೂ ಈ ಸಡಿಲಿಕೆ ಇದೆ, ಆದ್ದರಿಂದ ‘ಎರಡನೆಯವರು ಸಿಗಲಿಲ್ಲ’ ಎನ್ನುವಂತಿಲ್ಲ. ತಮ್ಮ ಕಡತದಲ್ಲಿ ಎರಡು ಪ್ರಮಾಣಪತ್ರಗಳೇನೋ ಇವೆ. ಎರಡರಲ್ಲೂ ವೇಳೆ 11.10. ಎರಡರಲ್ಲೂ ಒಂದೇ ಆರು ಸಾಲು. ರೋಗಿಯ ಊರಿನ ಹೆಸರಿನ ಕಾಗುಣಿತ ಎರಡರಲ್ಲೂ ಒಂದೇ ರೀತಿ ತಪ್ಪಿದೆ. ಒಂದರಿಂದ ಇನ್ನೊಂದನ್ನು ನಕಲು ಮಾಡಿದ್ದಾರೆ ಎನ್ನಲು ತಜ್ಞರೇನೂ ಬೇಕಿಲ್ಲ.

ಆ ಆರು ಸಾಲಿನಲ್ಲಿರುವ ಕಾರಣ ಇನ್ನೂ ಮುಖ್ಯ: ‘ಸಹಕರಿಸುತ್ತಿಲ್ಲ, ಇನ್‌ಸೈಟ್ ಇಲ್ಲ’ (ಅಂದರೆ ತನಗೆ ಕಾಯಿಲೆಯಿದೆ ಎಂಬ ಅರಿವಿಲ್ಲ). 89ನೇ ಕಲಂ ಒಪ್ಪುವ ಕಾರಣಗಳು ಮೂರೇ. ಇತ್ತೀಚೆಗೆ ತನ್ನ ದೇಹಕ್ಕೆ ಹಾನಿ ಮಾಡಿಕೊಳ್ಳಲು ಯತ್ನಿಸಿರಬೇಕು ಅಥವಾ ಹಾಗೆ ಬೆದರಿಸಿರಬೇಕು, ಇಲ್ಲವೇ ಇತರರ ಮೇಲೆ ಹಿಂಸೆ ಮಾಡಿರಬೇಕು ಅಥವಾ ಅಂಥ ಭಯ ಹುಟ್ಟಿಸಿರಬೇಕು, ಇಲ್ಲವೇ ಅಪಾಯಕ್ಕೆ ಸಿಕ್ಕುವಷ್ಟರ ಮಟ್ಟಿಗೆ ತನ್ನನ್ನು ತಾನು ನೋಡಿಕೊಳ್ಳಲಾಗದೆ ಹೋಗಿರಬೇಕು. ಅದರ ಜೊತೆಗೆ, ಇದಕ್ಕಿಂತ ಕಡಿಮೆ ನಿರ್ಬಂಧದ ದಾರಿ ಬೇರೆ ಇಲ್ಲ ಎಂದೂ ಬರೆಯಬೇಕು. ಹೊರರೋಗಿಯಾಗಿ ಬಂದುಹೋಗುವುದು, ಅಕ್ಕನ ಮನೆಯಲ್ಲಿದ್ದು ಔಷಧ ತೆಗೆದುಕೊಳ್ಳುವುದು, ಅಂಕೋಲೆಗೆ ಹತ್ತಿರದ ಕಾರವಾರದಲ್ಲಿ ತೋರಿಸುವುದು, ಇವುಗಳನ್ನು ಯೋಚಿಸಿದ ಗುರುತು ಕಡತದಲ್ಲಿಲ್ಲ. 3ರಿಂದ 7ರವರೆಗಿನ ಟಿಪ್ಪಣಿಯಲ್ಲಿ ‘ಶಾಂತ’, ‘ಊಟ ಮಾಡಿದರು’, ‘ನಿದ್ದೆ ಚೆನ್ನಾಗಿದೆ’ ಎಂದೇ ಇದೆ. ಮನೆಗೆ ಹೋಗುತ್ತೇನೆ ಎಂದ ದಿನವೇ ಇನ್‌ಸೈಟ್ ಹೊರಟುಹೋಯಿತೇ?

ನಿರ್ಧಾರ ಮಾಡುವ ಸಾಮರ್ಥ್ಯವನ್ನು ಅಳೆಯುವಾಗ ನೋಡಬೇಕಾದದ್ದು ಮಾಹಿತಿ ಅರ್ಥವಾಗುತ್ತದೆಯೇ, ಪರಿಣಾಮ ತಿಳಿಯುತ್ತದೆಯೇ, ನಿರ್ಧಾರವನ್ನು ತಿಳಿಸಬಲ್ಲರೇ ಎಂದು. ಅದೂ ಅವರಿಗೆ ಅರ್ಥವಾಗುವ ಭಾಷೆಯಲ್ಲಿ. ಇವರ ಮನೆಮಾತು ಕೊಂಕಣಿ, ಕನ್ನಡ ಚೆನ್ನಾಗಿ ಬರುತ್ತದೆ, ಇಂಗ್ಲಿಷ್ ಬರುವುದಿಲ್ಲ. ಸಾಮರ್ಥ್ಯದ ನಮೂನೆ ಇಂಗ್ಲಿಷಿನಲ್ಲಿದೆ, ಯಾವ ಭಾಷೆಯಲ್ಲಿ ಕೇಳಿದಿರಿ ಎಂಬ ಜಾಗ ಖಾಲಿಯಿದೆ. ಈ ಸಾಮರ್ಥ್ಯವನ್ನು 7 ದಿನಕ್ಕೊಮ್ಮೆ ಮತ್ತೆ ಪರೀಕ್ಷಿಸಬೇಕು. ಭಾವ ಸಹಿ ಹಾಕಿದ 12ರ ಲೆಕ್ಕ ಹಿಡಿದರೂ 19ಕ್ಕೆ ಆಗಬೇಕಿತ್ತು. ಇಂದು 20.

ಇನ್ನು ಮಂಡಳಿಗೆ ವರದಿ. ಮಹಿಳೆ ಅಥವಾ ಅಪ್ರಾಪ್ತರನ್ನು ಹೀಗೆ ದಾಖಲಿಸಿಕೊಂಡರೆ 3 ದಿನದೊಳಗೆ, ಉಳಿದವರಾದರೆ 7 ದಿನದೊಳಗೆ ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿಗೆ ತಿಳಿಸಬೇಕು. 15ಕ್ಕೆ ಗಡುವು ಮುಗಿದಿದೆ. ‘ಕಳಿಸಿದ್ದೇವೆ’ ಎಂದರು, ಜಾವಕ ವಹಿ (ಹೊರಹೋಗುವ ಪತ್ರಗಳನ್ನು ಬರೆದಿಡುವ ಪುಸ್ತಕ) ತೋರಿಸಿ ಎಂದೆವು. 12ರಿಂದ 17ರವರೆಗೆ ಜಾವಕದಲ್ಲಿದ್ದದ್ದು ಆಮ್ಲಜನಕದ ಸಿಲಿಂಡರಿನ ಬಿಲ್ಲು, ವಿಮಾ ಕಂಪನಿಗೆ ಎರಡು ಪತ್ರ, ಅಷ್ಟೇ. ಇ-ಮೇಲ್ ಮಾಡಿದ್ದರೆ ಅದರ ಪ್ರತಿ ಕೊಡಿ. ರೋಗಿಗೂ ಪ್ರತಿನಿಧಿಗೂ ಗೊತ್ತೇ ಇಲ್ಲದ ದಾಖಲಾತಿ ಹೊರಗಿನವರ ಕಣ್ಣಿಗೆ ಬೀಳುವುದು ಈ ವರದಿಯಿಂದ ಮಾತ್ರ. ಅದು ಹೋಗದಿದ್ದರೆ ಬಾಗಿಲಿಗೆ ಎರಡನೇ ಬೀಗ ಬಿದ್ದ ಹಾಗೆ.

9ರ ರಾತ್ರಿ ಏನಾಯಿತು ಎಂದು ತಮ್ಮ ಕಡತ ಹೇಳುವುದಿಲ್ಲ, ಅವರ ಮಣಿಕಟ್ಟು ಹೇಳುತ್ತದೆ. 17ರ ಭೇಟಿಯಲ್ಲಿ ಎಡಗೈ ಮಣಿಕಟ್ಟಿನ ಒಳಬದಿಯಲ್ಲಿ ಬೆರಳಗಲದ ಕಂದು ಪಟ್ಟಿ ಕಂಡಿತು, ಅಂಚಿನಲ್ಲಿ ಹಕ್ಕಳೆ ಏಳುತ್ತಿತ್ತು. ಗಾಜ್ ಬ್ಯಾಂಡೇಜನ್ನು ಹಗ್ಗದ ಹಾಗೆ ಹೊಸೆದು ಮಂಚದ ಕಂಬಿಗೆ ಕಟ್ಟಿದರೆ ಆಗುವ ಗಾಯ ಅದು. ಅಗಲವಾದ, ಒಳಗೆ ಹತ್ತಿಯಿರುವ ಪಟ್ಟಿ ಹೀಗೆ ಕೊರೆಯುವುದಿಲ್ಲ. ಹೊಸೆದ ಬಟ್ಟೆ ಎಳೆದಷ್ಟೂ ಬಿಗಿಯುತ್ತದೆ, ಬೆರಳು ಜೋಮು ಹಿಡಿಯುತ್ತದೆ. ಮಂಪರು ಬರುವ ಇಂಜೆಕ್ಷನ್ ಕೊಟ್ಟು ಅಂಗಾತ ಕಟ್ಟಿದರೆ ವಾಂತಿ ಶ್ವಾಸನಾಳಕ್ಕೆ ಹೋಗುವ ಅಪಾಯ ಬೇರೆ. 97ನೇ ಕಲಮಿನ ಪ್ರಕಾರ ಕಟ್ಟಿಹಾಕುವುದು ತಕ್ಷಣದ ಅಪಾಯ ತಡೆಯಲು ಬೇರೆ ದಾರಿಯೇ ಇಲ್ಲದಾಗ ಮಾತ್ರ, ಅದೂ ಚಿಕಿತ್ಸೆ ನೋಡಿಕೊಳ್ಳುವ ಮನೋವೈದ್ಯರ ಅನುಮತಿಯಿಂದ, ಅಗತ್ಯವಿರುವಷ್ಟು ಹೊತ್ತು ಮಾತ್ರ. ಶಿಕ್ಷೆಯಾಗಿ ಕಟ್ಟುವಂತಿಲ್ಲ, ರಾತ್ರಿ ಪಾಳಿಯಲ್ಲಿ ಜನ ಕಡಿಮೆ ಎಂದೂ ಕಟ್ಟುವಂತಿಲ್ಲ. ಹೇಗೆ ಕಟ್ಟಿದಿರಿ, ಯಾಕೆ, ಎಷ್ಟು ಹೊತ್ತು ಎಂದು ಕೇಸ್ ಶೀಟಿನಲ್ಲಿ ಬರೆಯಬೇಕು, 24 ಗಂಟೆಯೊಳಗೆ ಪ್ರತಿನಿಧಿಗೆ ತಿಳಿಸಬೇಕು, ಇಂಥ ಪ್ರಕರಣಗಳ ಪಟ್ಟಿಯನ್ನು ತಿಂಗಳಿಗೊಮ್ಮೆ ಮಂಡಳಿಗೆ ಕಳಿಸಬೇಕು. 9ರ ರಾತ್ರಿ 10ಕ್ಕೆ ‘ಶಾಂತ’, 12ಕ್ಕೆ ‘ಶಾಂತ’, 2ಕ್ಕೆ ‘ಶಾಂತ’, 4ಕ್ಕೆ ‘ಶಾಂತ’, ನಾಲ್ಕೂ ಒಂದೇ ಶಾಯಿಯಲ್ಲಿ ಒಂದೇ ಓಟದಲ್ಲಿ ಬರೆದದ್ದು.

ಅದೊಂದು ತುರ್ತು ಸ್ಥಿತಿ ಎಂದು ತಾವು ಹೇಳಬಹುದು. ತುರ್ತು ಚಿಕಿತ್ಸೆಯ 94ನೇ ಕಲಂ 72 ಗಂಟೆಯದ್ದು, ಅಲ್ಲಿಯೂ ಪ್ರತಿನಿಧಿ ಸಿಗುವಂತಿದ್ದರೆ ಅವರ ಒಪ್ಪಿಗೆ ಬೇಕು. ತುರ್ತು ಎಂಬ ಪದವೇ ಕಡತದಲ್ಲಿ ಎಲ್ಲೂ ಇಲ್ಲ.

ಇನ್ನೊಂದು ವಿಷಯ ಕಾನೂನಿನದ್ದಷ್ಟೇ ಅಲ್ಲ, ಜೀವದ್ದು. 10ರಿಂದ ಮಾತ್ರೆಯನ್ನು ಅರೆದು ಕುಚ್ಚಲಕ್ಕಿ ಗಂಜಿಯಲ್ಲಿ ಬೆರೆಸಿ ಕೊಡುತ್ತಿದ್ದಾರೆ. ಗಂಜಿ ಕಹಿಯಾಗಿದೆ ಎಂದು ರೋಗಿ ಹೇಳಿದ್ದು ಟಿಪ್ಪಣಿಯಲ್ಲಿ ‘ಅನುಮಾನದ ಸ್ವಭಾವ’ ಎಂದು ದಾಖಲಾಗಿದೆ. ಅನುಮಾನ ನಿಜವೇ ಆಗಿತ್ತಲ್ಲ! ಮುಚ್ಚಿ ಕೊಡುವ ಔಷಧ ಒಪ್ಪಿಗೆ ಪಡೆದ ಔಷಧವಲ್ಲ. ಅದಕ್ಕಿಂತ ಮೊದಲು, ಅವರಿಗೆ ಬರೆದಿರುವುದು ನಿಧಾನವಾಗಿ ಕರಗುವ ಲಿಥಿಯಂ ಮಾತ್ರೆ, ಅದನ್ನು ಅರೆಯಲೇಬಾರದು. ಅರೆದರೆ ಗಂಟೆಗಟ್ಟಲೆಯಲ್ಲಿ ಬಿಡುಗಡೆಯಾಗಬೇಕಾದ ಔಷಧ ಒಮ್ಮೆಲೇ ರಕ್ತಕ್ಕೆ ಇಳಿಯುತ್ತದೆ. ಲಿಥಿಯಂನಲ್ಲಿ ಚಿಕಿತ್ಸೆಯ ಮಟ್ಟಕ್ಕೂ ವಿಷದ ಮಟ್ಟಕ್ಕೂ ಅಂತರ ಕಡಿಮೆ. ಕೈ ಒರಟಾಗಿ ನಡುಗುವುದು, ವಾಂತಿ, ಭೇದಿ, ಮಾತು ತೊದಲುವುದು, ನಡೆ ತೂರಾಡುವುದು ಅದರ ಲಕ್ಷಣಗಳು. ಗಂಜಿ ಬೇಡ ಎಂದು ಊಟ ನೀರು ಬಿಟ್ಟರೆ ಮೈಯಲ್ಲಿ ನೀರು ಇಳಿದು ಮಟ್ಟ ಇನ್ನಷ್ಟು ಏರುತ್ತದೆ. 17ರಂದು ಅವರ ಕೈಯಲ್ಲಿದ್ದ ಲೋಟ ನಡುಗುತ್ತಿತ್ತು. ಇಂದೇ ಲಿಥಿಯಂ ಮಟ್ಟ, ಕ್ರಿಯಾಟಿನಿನ್, ಸೋಡಿಯಂ ನೋಡಿ. ಲಿಥಿಯಂ ಮಟ್ಟಕ್ಕೆ ರಕ್ತ ತೆಗೆಯುವುದು ಸಾಮಾನ್ಯವಾಗಿ ಕೊನೆಯ ಡೋಸಿನ 12 ಗಂಟೆಯ ಮೇಲೆ, ಆದರೆ ಈ ಲಕ್ಷಣ ಕಂಡ ಮೇಲೆ 12 ಗಂಟೆ ಕಾಯಬೇಡಿ. ತೆಗೆದ ವೇಳೆ ಮಾತ್ರ ಸ್ಪಷ್ಟವಾಗಿ ಬರೆಯಿರಿ.

ಉಳಿದವು ಚಿಕ್ಕವು, ಆದರೆ ಬಿಡುವಂಥವಲ್ಲ. ಮೊಬೈಲ್ ಕಿತ್ತಿಟ್ಟುಕೊಂಡಿದ್ದೀರಿ, ಬದಲಿಗೆ ಫೋನ್ ಕೊಟ್ಟಿಲ್ಲ. 26ನೇ ಕಲಂ ಕರೆ ಮಾಡುವ ಹಕ್ಕು ಕೊಡುತ್ತದೆ. ಭೇಟಿಯ ವೇಳೆ ಸಂಜೆ 5ರಿಂದ 5.30 ಎಂದಿಟ್ಟರೆ ಅಂಕೋಲೆಯಿಂದ ಕುಮಟಾಕ್ಕೆ ಬಂದು ದೇವಿಮನೆ ಘಟ್ಟ ಹತ್ತುವವರು ಅದೇ ರಾತ್ರಿ ಮನೆ ಸೇರುವುದು ಹೇಗೆ? ಮಳೆಗಾಲದ ಘಟ್ಟದ ಗತಿ ತಮಗೇ ಗೊತ್ತು. ಸ್ವಂತ ಬಟ್ಟೆ ತೊಡುವ ಹಕ್ಕಿದ್ದರೂ ಹಸಿರು ನೈಟಿ ಕಡ್ಡಾಯ ಮಾಡಿದ್ದೀರಿ. ಮಂಡಳಿಯ ವಿಳಾಸ, ಫೋನ್ ನಂಬರ್ ಕಾಣುವಂತೆ ಹಾಕಬೇಕಾದ ಫಲಕದ ಜಾಗದಲ್ಲಿ ಕ್ಯಾಂಟೀನಿನ ದರಪಟ್ಟಿ ಇದೆ. ಬಾಕಿ ಬಿಲ್ಲು ಕಟ್ಟಿ ಆಮೇಲೆ ಮಾತಾಡೋಣ ಎಂದು ಕೌಂಟರಿನಲ್ಲಿ ಹೇಳಿದ್ದು ಬಾಯಿತಪ್ಪಿ ಬಂದ ಮಾತು ಎಂದು ಸದ್ಯಕ್ಕೆ ಭಾವಿಸುತ್ತೇವೆ. ಬಿಲ್ಲಿಗಾಗಿ ವ್ಯಕ್ತಿಯನ್ನು ಕೂಡಿಹಾಕುವುದು ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಮಿಗೆ ಹೋಗುವ ವಿಷಯ. ಬಾಕಿ ಎಷ್ಟೆಂದು ಬರೆದು ಕೊಡಿ, ಅದರ ದಾರಿ ಬೇರೆ.

ನಾವು ಕೇಳುವುದು ಇಷ್ಟು. ಇಂದು ಸಂಜೆ 5ರೊಳಗೆ ರೋಗಿಯನ್ನು ಮನೋವೈದ್ಯರು ಕನ್ನಡದಲ್ಲಿ, ಬೇಕಾದರೆ ಕೊಂಕಣಿ ಬಲ್ಲವರನ್ನು ಕೂರಿಸಿಕೊಂಡು, ಅಕ್ಕನ ಸಮ್ಮುಖದಲ್ಲಿ ಪರೀಕ್ಷಿಸಬೇಕು. 89ನೇ ಕಲಮಿನ ಮೂರು ಕಾರಣಗಳಲ್ಲಿ ಒಂದೂ ಇಲ್ಲದಿದ್ದರೆ ಇಂದೇ ಡಿಸ್ಚಾರ್ಜ್ ಮಾಡಬೇಕು. ಇದೆ ಎಂದಾದರೆ ಯಾವುದು, ಯಾವ ಘಟನೆಯ ಆಧಾರದಲ್ಲಿ ಎಂದು ಬರೆದು ಕೊಡಬೇಕು. ಡಿಸ್ಚಾರ್ಜ್ ಮಾಡುವಾಗ ಔಷಧದ ಚೀಟಿ, ರಕ್ತಪರೀಕ್ಷೆಯ ವರದಿ, ಮುಂದೆ ಎಲ್ಲಿ ತೋರಿಸಬೇಕು ಎಂಬ ಯೋಜನೆ ಕೊಡಬೇಕು. ಸಿಟ್ಟಿನಲ್ಲಿ ಬರೀ ‘ವೈದ್ಯರ ಸಲಹೆಗೆ ವಿರುದ್ಧ’ ಎಂದು ಮುದ್ರೆ ಒತ್ತಿ ಕಳಿಸಬೇಡಿ. ಕೇಸ್ ಶೀಟ್, ನರ್ಸಿಂಗ್ ಟಿಪ್ಪಣಿ, ಎರಡು ಪ್ರಮಾಣಪತ್ರ, ನಾಲ್ಕನೇ ಪುಟ ಎಲ್ಲದರ ಝೆರಾಕ್ಸ್ 72 ಗಂಟೆಯೊಳಗೆ ಬೇಕು, 2002ರ ವೈದ್ಯಕೀಯ ನೀತಿ ನಿಯಮ ಹೇಳುವುದೂ ಅಷ್ಟೇ ಗಂಟೆ. ಈಗಿರುವ ಪುಟಗಳಿಗೆ ಇನ್ನು ಒಂದಕ್ಷರವೂ ಸೇರಬಾರದು. 17ರಂದು ನೋಡಿದ ಪುಟಸಂಖ್ಯೆ, ವೇಳೆ, ಸಾಲುಗಳನ್ನು ಅಲ್ಲೇ ಕೂತು ಬರೆದುಕೊಂಡಿದ್ದೇವೆ.

ಮಂಡಳಿಗೆ ಅರ್ಜಿ ಇಂದೇ ಹೋಗುತ್ತಿದೆ. ಅದಕ್ಕೆ ಶುಲ್ಕವಿಲ್ಲ, 89ನೇ ಕಲಮಿನ ದಾಖಲಾತಿಯನ್ನು ಪ್ರಶ್ನಿಸಿದ ಅರ್ಜಿಯನ್ನು ಮಂಡಳಿ 7 ದಿನದಲ್ಲಿ ತೀರ್ಮಾನಿಸಬೇಕು. ತಮ್ಮ ಉತ್ತರ ಅದಕ್ಕಿಂತ ಮೊದಲು ಬಂದರೆ ಅದನ್ನೂ ಅರ್ಜಿಗೆ ಲಗತ್ತಿಸುತ್ತೇವೆ.

ಸಹಿ:
ನಾಮನಿರ್ದೇಶಿತ ಪ್ರತಿನಿಧಿ
ಆರೈಕೆದಾರರ ಬಳಗದ ಪರವಾಗಿ ಇಬ್ಬರು

ಲಗತ್ತು: ಪ್ರತಿನಿಧಿ ನೇಮಕದ ಹಾಳೆಯ ನಮ್ಮ ಬಳಿಯ ಪ್ರತಿ, 17ರಂದು ಮಣಿಕಟ್ಟಿನ ಫೋಟೊ (ರೋಗಿಯ ಒಪ್ಪಿಗೆಯಿಂದ ತೆಗೆದದ್ದು, ಮುಖ ಇಲ್ಲ), ಮೊಹರು ಮಾಡಿದ ಲಕೋಟೆ.

ಪ್ರತಿಗಳು: ಮಾನಸಿಕ ಆರೋಗ್ಯ ಪುನರ್ವಿಮರ್ಶಾ ಮಂಡಳಿ, ಜಿಲ್ಲಾ ಆರೋಗ್ಯಾಧಿಕಾರಿಗಳು, ಕಾರವಾರ, ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರ, ಕಾರವಾರ.